ನಾನೂರು ಗಂಟೆಗಳ ಓದು

ಟಿಕ್ ಎಂದಿತು. ಸ್ವಲ್ಪ ಹೊತ್ತು ತಡೆದು ಮತ್ತೆ ಟಿಕ್. ಉಗುರಿನಿಂದ ತಗಡನ್ನು ತಟ್ಟಿದಷ್ಟೇ ಸದ್ದು. ರಾತ್ರಿ ಮೂರೂವರೆಗೆ ಪಾಲಾರಿವಟ್ಟಂನ ವಕೀಲರ ಆಫೀಸಿನಲ್ಲಿ, ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜಲಜಾ ಹಳೆಯ ಸರ್ವರ್ ರ‍್ಯಾಕಿನ ಮುಂದೆ ಮಂಡಿಯೂರಿದ್ದಳು. ಹೊಸ ಡಿಸ್ಕ್ ಅವಳ ತೊಡೆಯ ಮೇಲಿತ್ತು. ಕೆಟ್ಟ ಡಿಸ್ಕಿನ ಹಿಡಿಗೆ ಕೈ ಚಾಚುವಷ್ಟರಲ್ಲಿ ಫೋನ್ ಬಂತು.

ತಿರುವನಂತಪುರದಿಂದ ಅನನ್ಯ. “ಚೇಚೀ, ಅಪ್ಪ ಪೋಯಿ,” ಎಂದಳು ಮಲಯಾಳದಲ್ಲಿ.

ಅವಳ ಅಪ್ಪ ಶಂಭು ಇದೇ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಹಳೆಯ ಕನ್ನಡ ದಸ್ತಾವೇಜುಗಳನ್ನು ಅನುವಾದಿಸಿದವರು. ಅವರು ತೀರಿಹೋಗಿದ್ದರು. ಜಲಜಾ ಏನೋ ಸಮಾಧಾನ ಹೇಳಿದಳು. ಏನು ಹೇಳಿದಳೆಂದು ಅವಳಿಗೇ ಆಮೇಲೆ ನೆನಪಾಗಲಿಲ್ಲ. ಫೋನನ್ನು ನೆಲದ ಮೇಲಿಟ್ಟು, ೨ ಎಂಬ ಚೀಟಿ ಅಂಟಿಸಿದ್ದ ಡಿಸ್ಕನ್ನು ಎಳೆದು ತೆಗೆದು, ಆ ಜಾಗಕ್ಕೆ ಹೊಸದನ್ನು ತಳ್ಳಿದಳು.

ಟಿಕ್ ಎಂಬುದು ನಿಲ್ಲಲಿಲ್ಲ. ಪಕ್ಕದ ಡಿಸ್ಕು ಇನ್ನೂ ನಾಲ್ಕು ಸಲ ಸದ್ದು ಮಾಡಿ ಸುಮ್ಮನಾಯಿತು. ಪರದೆ ಕೆಂಪಾಯಿತು.

ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಪರದೆಯಲ್ಲಿ ಅದು ಡಿಸ್ಕ್ ಎರಡು ಕೆಟ್ಟಿದೆ ಎಂದರೆ ಮೂರು ಎಂಬ ಚೀಟಿಯದು. ಚೀಟಿಗಳನ್ನು ಅಂಟಿಸಿದವರು ಶಂಭು. ರ‍್ಯಾಕ್ ಹೊಸದಾಗಿ ಬಂದ ವರ್ಷದ ಆಯುಧಪೂಜೆಯ ದಿನ ಕನ್ನಡ ಅಂಕಿಗಳಲ್ಲಿ ಒಂದರಿಂದ ಶುರುಮಾಡಿ ಬರೆದಿದ್ದರು. ಸೊನ್ನೆಯಿಂದ ಬರೆಯಬೇಕು ಸರ್ ಎಂದು ಅವಳು ಹೇಳಿದ್ದಕ್ಕೆ, “ನಿಮ್ಮ ಮನೆಯಲ್ಲಿ ಮೊದಲು ಹುಟ್ಟಿದವರನ್ನು ಸೊನ್ನೆ ಅಂತ ಕರೀತಾರಾ ಮಾರಾಯ್ತಿ?” ಎಂದು ನಕ್ಕಿದ್ದರು. ಅಂದಿನಿಂದ ಅವಳು ಪ್ರತಿ ಸಲವೂ ಮನಸ್ಸಿನಲ್ಲಿ ಒಂದು ಕೂಡಿಸಿಕೊಂಡೇ ಕೈ ಹಾಕುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ.

ನಾಲ್ಕು ಡಿಸ್ಕುಗಳಲ್ಲಿ ಒಂದು ಹೋದರೆ ಉಳಿದ ಮೂರು ಸೇರಿ ಹೋದದ್ದನ್ನು ಮತ್ತೆ ಕಟ್ಟಿಕೊಡುತ್ತವೆ. ಎರಡು ಹೋದರೆ ಏನೂ ಉಳಿಯುವುದಿಲ್ಲ. ತೆಗೆದದ್ದನ್ನು ವಾಪಸ್ ಹಾಕಿ ನೋಡಿದಳು. ಆರು ಸಲ ನೋಡಿದಳು. ಐದೂವರೆಗೆ ದೀಪ ಆರಿಸಿ ಬಾಗಿಲು ಹಾಕಿಕೊಂಡಳು.

*

ಬೆಳಗ್ಗೆ ಆರಕ್ಕೆ ವೈಟ್ಟಿಲದಲ್ಲಿ, ತಿರುವನಂತಪುರಕ್ಕೆ ಹೊರಟಿದ್ದ ಓಂಕಾರಪ್ಪನವರ ಕಾರು ಹತ್ತಿದಳು. ದಾವಣಗೆರೆ ಕಡೆಯ ವಕೀಲರು, ಆಫೀಸಿನ ಯಜಮಾನರು. ರ‍್ಯಾಕ್ ಸತ್ತುಹೋಯಿತು ಎಂದಾಗ ಅವರು ರಸ್ತೆಯಿಂದ ಕಣ್ಣು ತೆಗೆಯದೆ, ಅನುವಾದಗಳೆಲ್ಲ ಇನ್ನೊಂದು ಕಡೆ ಇದ್ದಾವಲ್ಲ ಎಂದು ಕೇಳಿದರು. ಇದ್ದವು. “ಹಂಗಾದ್ರೆ ಹೋಗ್ಲಿ ಬಿಡವ್ವಾ. ಹದಿನಾಲ್ಕು ವರ್ಷ ದುಡಿದೈತಿ,” ಎಂದರು. ಆಮೇಲೆ ಆಲಪ್ಪುಳದವರೆಗೆ ಶಂಭುವಿನ ಮಾತೇ ಆಡಿದರು.

ಅನುವಾದಗಳ ಪ್ರತಿ ಇತ್ತು. ಶಂಭು ಅವರ ದನಿಯ ಪ್ರತಿ ಇರಲಿಲ್ಲ.

*

ನೂರು ವರ್ಷದ ಹಿಂದಿನ ಕೈಬರಹದಲ್ಲಿ ಪದಗಳ ನಡುವೆ ಜಾಗವೇ ಇರುವುದಿಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಕಣ್ಣಿಗೆ ಗೊತ್ತಾಗದಿದ್ದರೂ ಕಿವಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು ಶಂಭು. ಅದಕ್ಕೇ ಪ್ರತಿ ದಸ್ತಾವೇಜನ್ನೂ ಮೊದಲು ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ತಮ್ಮ ದನಿಯನ್ನೇ ಕೇಳುತ್ತಾ ಮಲಯಾಳಕ್ಕೆ ಬರೆಯುತ್ತಿದ್ದರು. ಆ ಓದಿನ ನಡುವೆ ಎಲ್ಲವೂ ಇರುತ್ತಿತ್ತು. ಅದನ್ನು ಬರೆದು ಎಂದೋ ತೀರಿಹೋದ ಶ್ಯಾನುಭೋಗನಿಗೆ ಬೈಯುವುದು, ಸೀನುವುದು, ಸಂಜೆ ಮೀನಿನ ಮಾರ್ಕೆಟ್ಟಿನ ದಾರಿಯಲ್ಲಿ ಟ್ರಾಫಿಕ್ ಉಂಟೋ ಎಂದು ಹೆಂಡತಿ ಶಾರದರಿಗೆ ಫೋನ್ ಮಾಡುವುದು. ಅವಕ್ಕೆ ಇನ್ನೊಂದು ಪ್ರತಿ ಬೇಡ ಎಂದವರೂ ಅವರೇ. ತನ್ನ ಗೊಣಗಾಟಕ್ಕೆ ಎರಡೆರಡು ಪ್ರತಿ ಯಾಕೆ ಎಂದಿದ್ದರು. ಹಾಗಾಗಿ ಆ ನಾನೂರು ಗಂಟೆಗಳು ರ‍್ಯಾಕಿನಲ್ಲಿ ಮಾತ್ರ ಇದ್ದವು.

ನಿವೃತ್ತರಾಗಿ ಮಗಳ ಮನೆಗೆ ಹೋದ ಆರನೇ ತಿಂಗಳಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕಳೆದ ವರ್ಷ ಜಲಜಾಗೆ ಮೆಸೇಜ್ ಬಂತು: ನನ್ನ ಓದು ಇನ್ನೂ ಉಂಟಾ? ಮನೆಯಲ್ಲಿ ನನ್ನ ದನಿ ಎಲ್ಲಿಯೂ ಇಲ್ಲ. ಅನನ್ಯಳಿಗೆ ಬೇಕಂತೆ.

ಇದೆ ಸರ್, ಭದ್ರವಾಗಿದೆ ಎಂದು ಅವಳು ಬರೆದಳು.

ಆದರೆ ಕೂಡಲೇ ಕೊಡಲಿಲ್ಲ. ಆ ಓದಿನಲ್ಲಿ ಕಕ್ಷಿದಾರರ ಹೆಸರುಗಳಿದ್ದವು, ಮನೆಮನೆಗಳ ಜಗಳಗಳಿದ್ದವು. ಒಂದೊಂದನ್ನೂ ಕೇಳಿ, ಹೆಸರು ಬಂದಲ್ಲಿ ಕತ್ತರಿಸಿ ಕೊಡಬೇಕು ಎಂದುಕೊಂಡಳು. ಅದಕ್ಕೆ ಓಂಕಾರಪ್ಪನವರ ಲಿಖಿತ ಒಪ್ಪಿಗೆ ಬೇಕು ಎಂದುಕೊಂಡಳು. ಅವರು ಬಾಯಿಮಾತಿನಲ್ಲಿ ಎಂದೋ ಒಪ್ಪಿದ್ದರು. ಅವಳಿಗೆ ಕಾಗದವೇ ಬೇಕಿತ್ತು. ಅದು ಸಿಕ್ಕಿ ಐದು ದಿನವಾಗಿತ್ತು.

*

ಮನೆಯ ಅಂಗಳದಲ್ಲಿ ಬಾಡಿಗೆಯ ನೀಲಿ ಕುರ್ಚಿಗಳು. ಬೇರೆ ಕೆಲಸಕ್ಕೆಂದು ಹಿಂದಿನ ರಾತ್ರಿಯೇ ಕಾಸರಗೋಡಿನಿಂದ ಬಂದಿದ್ದ ಹಳೆಯ ಗೆಳೆಯ ಮೋಹನ, ಬಂದವರಿಗೆಲ್ಲ ಶಂಭುವಿನ ಕತೆ ಹೇಳುತ್ತಿದ್ದರು. ಪಾಲುಪತ್ರ ಓದುವಾಗ ಶಂಭುವಿನ ಆರ್ಭಟಕ್ಕೆ ಹೊರಗೆ ಕೂತಿದ್ದ ಕಕ್ಷಿದಾರ ಹೆದರಿ ಎದ್ದು ಹೋಗಿದ್ದನಂತೆ.

“ಕೇಸು ಗೆದ್ದದ್ದು ಇವರ ವಾದಕ್ಕಲ್ಲ, ಅವನ ಗಂಟಲಿಗೆ,” ಎಂದರು ಮೋಹನ, ಓಂಕಾರಪ್ಪನವರನ್ನು ತೋರಿಸಿ.

“ನಿಜ, ಫೀಸು ತಗೊಳ್ಳೋವಾಗ ಅದನ್ನ ಹೇಳ್ತಿರಲಿಲ್ಲ, ಅಷ್ಟೆ,” ಎಂದರು ಓಂಕಾರಪ್ಪ. ಇಬ್ಬರೂ ನಕ್ಕು, ಒಳಗೆ ಕೇಳಿಸಿತೇನೋ ಎಂದು ತಲೆ ತಗ್ಗಿಸಿದರು.

ಒಂದು ಗಂಟೆಗೆ ದೇಹವನ್ನು ತೈಕ್ಕಾಡಿನ ಸ್ಮಶಾನಕ್ಕೆ ಒಯ್ದರು. ಅನನ್ಯ ತಾನೇ ಕೊನೆಯ ಕೆಲಸ ಮಾಡುತ್ತೇನೆಂದು ಜೊತೆಗೆ ಹೋದಳು. ಪಕ್ಕದ ಮನೆಯ ಜುಬೈದಾ ಗಂಜಿ ಬೇಯಿಸಲು ತನ್ನ ಮನೆಗೆ ಹೋದಳು. ನೆಲ ತೊಳೆದು ಒದ್ದೆಯಾಗಿದ್ದ ಮನೆಯಲ್ಲಿ ಶಾರದ ಮತ್ತು ಜಲಜಾ ಇಬ್ಬರೇ ಉಳಿದರು.

ಶಾರದ ಖಾಲಿ ಮಂಚದ ತುದಿಯಲ್ಲಿ ಕೂತಿದ್ದರು. ಆ ಓದಿನದ್ದು ತಂದಿದ್ದೀಯಾ ಎಂದು ಕೇಳಿದರು. ಹದಿಮೂರನೆಯ ದಿನ ನೆಂಟರೆಲ್ಲ ಬಂದಾಗ ಹಾಕಬೇಕೆಂದು ಅನನ್ಯ ಹೇಳಿದ್ದಾಳಂತೆ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಟ್ಟು ಬೆಳೆದವಳು, ಈಗ ಅದೊಂದನ್ನೇ ಹಿಡಿದುಕೊಂಡಿದ್ದಾಳೆ ಎಂದರು.

ಜಲಜಾ ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಟ್ಟಿದ್ದಳು. ಯಂತ್ರ ಹಳೆಯದು, ತಾಂತ್ರಿಕ ದೋಷ, ನಿನ್ನೆ ರಾತ್ರಿಯೇ ಹೀಗಾಗಬೇಕೆ. ಎಲ್ಲವೂ ಸರಿಯಾದ ವಾಕ್ಯಗಳೇ.

“ನಾನು ಕಳೆದುಬಿಟ್ಟೆ ಅಮ್ಮ,” ಎಂದಳು. “ಒಂದು ಕೆಟ್ಟಿತ್ತು. ನಾನು ಒಳ್ಳೇದನ್ನ ಕಿತ್ತೆ. ಎಲ್ಲಾ ಹೋಯ್ತು. ಮೊದಲೇ ಕೊಡಬಹುದಿತ್ತು, ಒಂದು ವರ್ಷ ಇಟ್ಟುಕೊಂಡು ಕೂತೆ.”

ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿ, ಮನೆಯಲ್ಲಿ ಗಂಡಸರಿಲ್ಲವೆಂದು ತಿಳಿದು ಹೋದರು.

“ಯಾವಾಗ?” ಎಂದರು ಶಾರದ.

“ಅನನ್ಯ ಫೋನ್ ಮಾಡಿದ ಮೇಲೆ. ಎಣಿಕೆ ತಪ್ಪಿತು.”

“ಹಾಂ.” ಅವರು ಹಾಸಿಗೆಯ ಸುಕ್ಕನ್ನು ಅಂಗೈಯಿಂದ ಸರಿಮಾಡಿದರು. “ನಿನ್ನ ಹತ್ರ ಒಂದು ಹೇಳ್ತೇನೆ. ನೀನು ಹೇಳಿದಿ ಅಂತ ಹೇಳುವುದು.”

ದನಿ ಹೋದ ಮೇಲೆ ಶಂಭು ಚಮಚದಿಂದ ಲೋಟ ತಟ್ಟಿ ಅವರನ್ನು ಕರೆಯುತ್ತಿದ್ದರು. ಒಂದೂವರೆ ವರ್ಷ ಶಾರದ ಮೊದಲ ಸದ್ದಿಗೇ ಎದ್ದಿದ್ದರು. ನೀರು, ದಿಂಬು, ಕೆಲವು ಸಲ ಏನೂ ಇಲ್ಲ, ಸುಮ್ಮನೆ.

“ನಿನ್ನೆಯೂ ತಟ್ಟಿದ್ರು. ಎರಡು ಗಂಟೆ ಇರಬಹುದು. ನಂಗೆ ಕೇಳಿತು. ಕೇಳಲಿಲ್ಲ ಅಂತ ಇಲ್ಲ. ಇನ್ನೊಂದು ಸಲ ತಟ್ಟಲಿ, ಆಗ ಏಳುವ ಅಂತ ಮಗ್ಗುಲಾದೆ.” ಅವರು ಜಲಜಾಳ ಕಡೆ ನೋಡಲಿಲ್ಲ. “ಮತ್ತೆ ತಟ್ಟಲಿಲ್ಲ. ಮೂರು ಗಂಟೆಗೆ ನಾನೇ ಎದ್ದು ನೋಡ್ತೇನೆ, ಕೈ ತಣ್ಣಗೆ.”

ಆಮೇಲೆ ಅವರು ಅತ್ತರು. ಬೆಳಗಿನಿಂದ ಅಳದವರು, ದೇಹ ಎತ್ತುವಾಗಲೂ ಅಳದವರು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದ ಮನೆಯವರೆಗೂ ಕೇಳಿಸುವ ಹಾಗೆ ಅತ್ತರು. ಜಲಜಾ ಅವರ ಬೆನ್ನ ಮೇಲೆ ಕೈಯಿಟ್ಟಳು. ಆಗ ಎದ್ದಿದ್ದರೂ ಉಳಿಯುತ್ತಿರಲಿಲ್ಲ ಎನ್ನಬಹುದಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವಳು ಹೇಳಲಿಲ್ಲ.

*

ತೈಕ್ಕಾಡಿಗೆ ಹೋದವರು ಬಂದು, ಬಾವಿಕಟ್ಟೆಯಲ್ಲಿ ಒಬ್ಬೊಬ್ಬರಾಗಿ ಸ್ನಾನ ಮುಗಿಸಿದರು. ಅನನ್ಯ ಒದ್ದೆ ಕೂದಲಿನಲ್ಲಿ ಹಿತ್ತಲ ಮೆಟ್ಟಿಲ ಬಳಿ ಜಲಜಾಳನ್ನು ತಡೆದಳು. ಅಮ್ಮ ಅತ್ತದ್ದನ್ನು ಜುಬೈದಾ ಅವಳಿಗೆ ಹೇಳಿದ್ದಳು.

ಜಲಜಾ ಡಿಸ್ಕಿನ ವಿಷಯ ಹೇಳಿದಳು. ಚೀಟಿ, ಎಣಿಕೆ, ತನ್ನ ಕೈ, ಒಂದು ವರ್ಷದ ತಡ, ಯಾವುದನ್ನೂ ಬಿಡಲಿಲ್ಲ. ಅನನ್ಯ ಕೇಳುತ್ತಾ ಕೂದಲ ನೀರು ಹಿಂಡುವುದನ್ನು ನಿಲ್ಲಿಸಿದಳು.

“ಒಂದು ವರ್ಷ ಇತ್ತು ನಿಮಗೆ,” ಎಂದಳು. ಕನ್ನಡದಲ್ಲಿ ಹೇಳಿದಳು. ಅವಳ ಬಾಯಲ್ಲಿ ಜಲಜಾ ಕೇಳಿದ ಮೊದಲ ಕನ್ನಡ ವಾಕ್ಯ ಅದು.

“ಹೌದು.”

“ಅಮ್ಮ ಇದಕ್ಕೇನಾ ಅತ್ತದ್ದು?”

ಹಜಾರದಲ್ಲಿ ಓಂಕಾರಪ್ಪನವರಿಗೆ ಗಂಜಿ ಬಡಿಸುತ್ತಿದ್ದರು. ಅವರು ತಮ್ಮ ಎಂದಿನ ದನಿಯಲ್ಲಿ ಉಪ್ಪಿನಕಾಯಿ ಕೇಳುತ್ತಿದ್ದರು. ಮುಂದಿನ ಹದಿಮೂರು ದಿನ ಈ ಮನೆಗೆ ಬರುವವರೆಲ್ಲ, ಕೊನೆಯ ಗಳಿಗೆ ಹೇಗಿತ್ತು, ಯಾರು ಹತ್ತಿರ ಇದ್ದರು ಎಂದು ಕೇಳಿಯೇ ಕೇಳುತ್ತಾರೆ. ಆ ಲೋಟದ ಸದ್ದಿನ ವಿಷಯ ಅವರಿಗೆ ಗೊತ್ತಾಗಬಾರದು. ಇವಳಿಗೂ ಗೊತ್ತಾಗಬಾರದು. ಶಾರದ ಹೇಳಿದರೆ ಹೇಳಲಿ, ತನ್ನ ಬಾಯಿಂದ ಅದು ಎಂದಿಗೂ ಹೊರಬರುವುದಿಲ್ಲ ಎಂದು ಜಲಜಾ ತೀರ್ಮಾನಿಸಿದಳು.

“ಇದಕ್ಕೇ,” ಎಂದಳು.

ಅನನ್ಯ ಅವಳ ಮುಖವನ್ನು ಒಂದು ಕ್ಷಣ ನೋಡಿ, ಪಕ್ಕಕ್ಕೆ ಸರಿದು ಒಳಗೆ ಹೋದಳು. ಅವಳ ಕೂದಲ ನೀರು ಮೆಟ್ಟಿಲಿನಿಂದ ಹಜಾರದವರೆಗೆ ತೊಟ್ಟು ತೊಟ್ಟಾಗಿ ಬಿದ್ದಿತ್ತು. ಜಲಜಾ ಮೂಲೆಯಲ್ಲಿದ್ದ ಬಟ್ಟೆ ತೆಗೆದುಕೊಂಡು ಅದನ್ನು ಒರೆಸುತ್ತಾ ಕೋಣೆಯ ಬಾಗಿಲವರೆಗೆ ಬಂದಳು. ಶಾರದ ಮಂಚದ ಮೇಲೆ, ಗಂಡ ಮಲಗುತ್ತಿದ್ದ ಮಗ್ಗುಲಿನಲ್ಲಿ, ಬಾಯಿ ತುಸು ತೆರೆದು ಗಾಢವಾಗಿ ನಿದ್ದೆ ಹೋಗಿದ್ದರು.