ಎರಡು ನಾಲಿಗೆಯವನು

ಗಂಡನ ಕೋಟಿನ ಕೊನೆಯ ಗುಂಡಿಯನ್ನು ಅವಳು ಹಾಕುತ್ತಿರುವಾಗಲೇ ಅವಳ ತಮ್ಮ ಬಾಗಿಲಲ್ಲಿ ಬಂದು ನಿಂತ.

“ಅಕ್ಕಾ, ಭಾವನ ಪೆಟ್ಟಿಗೆ ಹೊರೋಕೆ ನಾನು, ಕೋರ್ಟಿನ ಜವಾನ, ಇಬ್ಬರೇ. ಬೀದೀಲಿ ಯಾರೂ ಬಾಗಿಲೇ ತೆಗೀತಿಲ್ಲ.”

ಅವಳಿಗೆ ಆಶ್ಚರ್ಯವಾಗಲಿಲ್ಲ. ಗಂಡ ಕೋರ್ಟಿನಲ್ಲಿ ದುಭಾಷಿಯಾಗಿದ್ದ. ನ್ಯಾಯಾಧೀಶರು ರಾಜಧಾನಿಯಿಂದ ಬಂದು, ರಾಜಧಾನಿಯ ಭಾಷೆಯಲ್ಲೇ ತೀರ್ಪು ಕೊಡುತ್ತಿದ್ದರು. ಗಣಿಗೆ ಜಮೀನು ಹೋಯಿತು, ಪರಿಹಾರ ಇಲ್ಲ, ಮನೆ ಖಾಲಿ ಮಾಡಿ... ಎಲ್ಲವನ್ನೂ ಊರಿನವರು ಕೇಳಿದ್ದು ಇವನ ಬಾಯಿಂದ. ಬರೆದ ಕೈ ಯಾರಿಗೂ ಕಾಣಲಿಲ್ಲ. ಹೇಳಿದವನಿಗೆ ‘ಎರಡು ನಾಲಿಗೆಯವನು’ ಅಂತ ಹೆಸರು ಬಿತ್ತು. ಪ್ರತ್ಯೇಕ ನಾಡು ಬೇಕೆಂಬ ಕೂಗು ಎದ್ದ ಮೇಲೆ ಯಾರೋ ಅದನ್ನು ಮನೆಯ ಗೋಡೆಯ ಮೇಲೂ ಬರೆದು ಹೋದರು.

*

ಆ ಕೂಗಿನಲ್ಲಿ ಮಗನೂ ಇದ್ದ. ಗೋಡೆಗೆ ಪೋಸ್ಟರ್ ಅಂಟಿಸುವಾಗ ಸಿಕ್ಕಿಬಿದ್ದ. ಕಟಕಟೆಯಲ್ಲಿ ನಿಂತು, “ನನಗೆ ಈ ಭಾಷೆ ಬರೋದಿಲ್ಲ. ನಮ್ಮ ಮಾತಲ್ಲಿ ಹೇಳಿ,” ಅಂದ. ಅಪ್ಪನ ತೊಡೆಯ ಮೇಲೆ ಕೂತು ಆ ಭಾಷೆ ಕಲಿತವನು! ಊರಿಗಿದ್ದ ದುಭಾಷಿ ಒಬ್ಬನೇ. ಅಪ್ಪ ಎದ್ದು ನಿಂತು, ಒಂದಕ್ಷರ ಬಿಡದೆ ಮಗನಿಗೆ ತೀರ್ಪು ಹೇಳಿದ: ಏಳು ವರ್ಷ.

ಅಂದು ಸಂಜೆ ಅವಳು ಕೂಗಾಡಿದಳು. “ಆಗಲ್ಲ ಅಂತ ಎದ್ದು ಬರಬಾರದಿತ್ತಾ? ನಿಮ್ಮದೇನು ಕರುಳಾ, ಕಲ್ಲಾ?”

“ಅವನು ಕೇಳಿದ್ದು ಅದೊಂದೇ ಕಣೇ, ನಮ್ಮ ಮಾತಲ್ಲಿ ಹೇಳಿ ಅಂತ. ಅದನ್ನೂ ಕೊಡದಿದ್ರೆ ನಾನೆಂಥ ಅಪ್ಪ?”

ತಟ್ಟೆಯ ಮುಂದೆ ಕೂತ. ಅನ್ನ ಕಲಸಿ, ಹಾಗೇ ಕೈ ತೊಳೆದು ಎದ್ದ. ಆಮೇಲೆ ಜೈಲಿಗೆ ಹೋದಾಗಲೆಲ್ಲ ಮಗ ಅಮ್ಮನನ್ನು ಮಾತ್ರ ನೋಡಲು ಒಪ್ಪುತ್ತಿದ್ದ. ಅಪ್ಪ ಗೇಟಿನ ಹೊರಗೇ ನಿಂತಿರುತ್ತಿದ್ದ.

*

ಅಪ್ಪನ ಮಣ್ಣಿಗೆಂದು ಮಗನನ್ನು ಕರೆತಂದ ಜೈಲಿನ ವ್ಯಾನು ಬಂತು. ಮಗನ ಎಡಗೈಯನ್ನು ಪೊಲೀಸಿನವನ ಬಲಗೈಗೆ ಸೇರಿಸಿ ಬೇಡಿ ಹಾಕಿದ್ದರು. ಮಗ ಬಗ್ಗಿ ಅಪ್ಪನ ಕೆನ್ನೆ ಮುಟ್ಟಿದ. ಅಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲವೇನೋ, ಕೈ ಹಿಂದಕ್ಕೆಳೆದುಕೊಂಡ.

“ಬೇಡಿ ಬಿಚ್ಚಪ್ಪಾ, ನಿನ್ನ ದಮ್ಮಯ್ಯ. ಅವನು ಹೆಗಲು ಕೊಡಲಿ,” ಎಂದು ಅವಳು ಪೊಲೀಸಿನವನಿಗೆ ಕೈಮುಗಿದಳು. ಅವನು ರಾಜಧಾನಿ ಕಡೆಯವನು. ಪಿಳಿಪಿಳಿ ಕಣ್ಣು ಬಿಟ್ಟ. ಅರ್ಥ ಮಾಡಿಸಬೇಕಾದವನು ಪೆಟ್ಟಿಗೆಯಲ್ಲಿ ಮಲಗಿದ್ದ.

ಮಗ ಪೊಲೀಸಿನವನ ಕಡೆ ತಿರುಗಿದ. ಜೈಲು ಸೇರಿದ ಮೇಲೆ ಒಮ್ಮೆಯೂ ಆಡದ ಭಾಷೆಯಲ್ಲಿ ಮೆಲ್ಲಗೆ ಏನೋ ಕೇಳಿದ. ಪೊಲೀಸಿನವನು ತಲೆ ತಗ್ಗಿಸಿ ಉತ್ತರ ಕೊಟ್ಟ.

“ಏನಂತೋ?”

“ಬೀಗದಕೈ ಸಾಹೇಬರ ಹತ್ರ ಇದೆಯಂತಮ್ಮ. ಬಿಚ್ಚೋಕಾಗಲ್ವಂತೆ.” ಮಗ ಪೆಟ್ಟಿಗೆಯ ಕಡೆ ನೋಡಿದ. “ತಾನೂ ಹೆಗಲು ಕೊಡ್ತೀನಿ ಅಂತಿದಾನೆ.”

ಮುಂದೆ ಅವರಿಬ್ಬರು, ಹಿಂದೆ ತಮ್ಮ ಮತ್ತು ಜವಾನ. ಪೊಲೀಸಿನವನು ಕುಳ್ಳ, ಎತ್ತಿದ ಕೂಡಲೇ ಪೆಟ್ಟಿಗೆ ಅವನ ಕಡೆಗೆ ವಾಲಿತು. ಮಗ ಮೊಣಕಾಲು ಬಗ್ಗಿಸಿ, ಅವನ ಹೆಗಲಿನ ಎತ್ತರಕ್ಕೆ ಇಳಿದು, ಹಾಗೇ ಕುಗ್ಗಿಕೊಂಡು ಬೀದಿಯುದ್ದಕ್ಕೂ ನಡೆದ.