ಗೆದ್ದಲು ಓದಿದ ಪುಟಗಳು

ಮೀಸೆ ಚಿಗುರುವ ಮೊದಲೇ ನಮ್ಮ ಶಾಲೆಯ ಒಂಬತ್ತು ಸಾವಿರ ಪುಸ್ತಕಗಳನ್ನು ಎರಡೆರಡು ಸಲ ಓದಿ ಮುಗಿಸಿದವನು ನಾನು. ನಾನು ಓದಿ ಕೆಳಗಿಡುವುದನ್ನೇ ಕಾಯುತ್ತ ಗೆದ್ದಲುಗಳು ಗೋಡೆಯ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನಾನು ಮುಟ್ಟದ ಪುಸ್ತಕಕ್ಕೆ ಅವೂ ಬಾಯಿ ಹಾಕುತ್ತಿರಲಿಲ್ಲ. ಕಪಾಟಿನ ಹಿಂದಿನಿಂದ ಸೂರಿನತ್ತ ಹತ್ತಿದ್ದ ಆ ಸಣ್ಣ ಮಣ್ಣಿನ ಗೆರೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಶಾಲಾ ಸಂಸತ್ತಿನಲ್ಲಿ ನಾನು ಗ್ರಂಥಾಲಯ ಮಂತ್ರಿ. ಕ್ರೀಡಾಮಂತ್ರಿಗೆ ಸೀಟಿ ಕೊಟ್ಟಿದ್ದರು, ಸ್ವಚ್ಛತಾಮಂತ್ರಿಗೆ ಪೊರಕೆ. ನನಗೆ ಕಪಾಟಿನ ಬೀಗದ ಕೈ. ಬಂದವರ ಮುಖ ನೋಡಿಯೇ ಪುಸ್ತಕ ಆರಿಸಿ ಕೊಡುತ್ತಿದ್ದೆ. ಪುಕ್ಕಲರಿಗೆ ಕೊಲೆಯ ಪತ್ತೇದಾರಿ, ಸೋಮಾರಿಗಳಿಗೆ ಕುಸ್ತಿಪಟುಗಳ ಕತೆ. ಯಾವ ಪತ್ತೇದಾರಿಯನ್ನು ಮುಂದಿಟ್ಟರೂ ಕೊಲೆಗಾರನ ಹೆಸರನ್ನು ಥಟ್ಟನೆ ಹೇಳಿಬಿಡುತ್ತಿದ್ದೆ. ಇವನು ಪೊಲೀಸಿಗೆ ಸೇರದಿದ್ದರೆ ನಷ್ಟ ಪೊಲೀಸರಿಗೇ ಎಂದು ಗಣಿತದ ವಾಮನ ಮೇಷ್ಟ್ರು ಇಡೀ ತರಗತಿಯೆದುರು ಹೇಳಿದ್ದರು.

ಆ ಬೇಸಿಗೆಯಲ್ಲಿ ಒಂಬತ್ತನೆಯ ತರಗತಿಯ ಭಾಗೀರಥಿ ಬಂದಳು. ಅವಳ ಓಟಕ್ಕೆ ಅವಳ ನೆರಳೇ ಏದುಸಿರು ಬಿಡುತ್ತಿತ್ತು. ಇನ್ನು ಎಂಟು ದಿನಕ್ಕೆ ಶಾಲೆ ಶಾಲೆಗಳ ನಡುವಿನ ಹತ್ತು ಸುತ್ತಿನ ಓಟ. ಗೆದ್ದವರಿಗೆ ದೊಡ್ಡ ಊರಿನ ಕ್ರೀಡಾಶಾಲೆಯಲ್ಲಿ ಸೀಟು. ಅವಳಿಗೆ ಬೇಕಿದ್ದದ್ದು ಅದೊಂದೇ. ದೂರದ ಓಟಗಾರನೊಬ್ಬನ ಜೀವನಕತೆಯನ್ನು ಕೊಟ್ಟು, ಇದನ್ನು ಓದಿದರೆ ಕುಂಟರೂ ಓಡುತ್ತಾರೆ ಎಂದೆ.

ಮರುದಿನವೇ ಪುಸ್ತಕ ಹಿಡಿದು ನಿಂತಿದ್ದಳು. ಮೊದಲ ನಾಲ್ಕು ಹಾಳೆ, ಕೊನೆಯ ನಾಲ್ಕು ಹಾಳೆ ನೆಟ್ಟಗಿದ್ದವು. ನಡುವಿನದೆಲ್ಲ ಗೆದ್ದಲು ತಿಂದು, ಬೆರಳು ತಾಗಿದರೆ ಮಣ್ಣಾಗಿ ಉದುರುತ್ತಿತ್ತು.

"ಓಟಕ್ಕೆ ಹೇಗೆ ತಯಾರಾದ ಅನ್ನೋದೆಲ್ಲ ಈ ನಡುವಿನ ಹಾಳೆಗಳಲ್ಲೇ ಇತ್ತು, ಮಂತ್ರಿಗಳೇ. ನೀವು ಎರಡು ಸಲ ಓದಿದ್ದೀರಲ್ಲ, ಹೇಳಿ."

ಅವಳ ಹಿಂದೆ ಐದಾರು ಮಂದಿ ಸಾಲಿನಲ್ಲಿ ನಿಂತಿದ್ದರು. ಗೊತ್ತಿಲ್ಲ ಎಂಬ ಮಾತು ನನ್ನ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಓಟದ ಹಿಂದಿನ ದಿನ ಬೆಳಗ್ಗೆಯಿಂದ ಅವನು ಒಂದು ತೊಟ್ಟು ನೀರೂ ಮುಟ್ಟಲಿಲ್ಲ," ಎಂದೆ. "ಮೈ ಗಾಳಿಪಟದ ಹಾಗೆ ಹಗುರಾಗುತ್ತೆ. ಅದೇ ಗುಟ್ಟು."

ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

ಓಟದ ದಿನ ಗಾಳಿಯೇ ಇರಲಿಲ್ಲ. ಮೈದಾನದ ಮಣ್ಣು ಬಾಣಲೆಯಂತೆ ಕಾದಿತ್ತು. ಅವಳ ತುಟಿ ಬಿರಿದು ಬೆಳ್ಳಗಾಗಿತ್ತು. ಗೆಳತಿಯರು ನೀರು ಚಾಚಿದರೆ ಬೇಡವೆಂದು ಕೈಯಾಡಿಸಿ, ನಾವಿಬ್ಬರೇ ಬಲ್ಲ ಗುಟ್ಟೆಂಬಂತೆ ನನ್ನತ್ತ ನೋಡುತ್ತಿದ್ದಳು. ನಾಲ್ಕನೆಯ ಸುತ್ತಿಗೆ ಅವಳ ಹೆಜ್ಜೆ ಓರೆಯಾಗತೊಡಗಿತು. ನಾನು ಚಪ್ಪರದ ಮಡಕೆಯಿಂದ ಒಂದು ಚೊಂಬು ನೀರು ತುಂಬಿಕೊಂಡು, ಓಟದ ಹಾದಿಯ ಅಂಚಿಗೆ ಕಟ್ಟಿದ್ದ ಹಗ್ಗದ ಬಳಿಗೆ ಬಂದೆ.

ಅಲ್ಲಿಂದ ಮುಂದಿನದನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ರೀತಿ ಹೇಳಿಕೊಂಡು ಬಂದೆ. ಗುಟ್ಟಿನ ಉಳಿದರ್ಧ ನನಗೊಬ್ಬನಿಗೇ ಗೊತ್ತಿತ್ತು: ಐದನೆಯ ಸುತ್ತಿಗೆ ಸರಿಯಾಗಿ ನೀರು. ಹಗ್ಗ ಹಾರಿ, ಅವಳ ಜೊತೆಜೊತೆಗೇ ಓಡುತ್ತ, ಒಂದು ಹನಿಯೂ ಚೆಲ್ಲದಂತೆ ಕುಡಿಸಿದೆ. ಅವಳು ಎರಡು ಸುತ್ತಿನ ಅಂತರದಲ್ಲಿ ಗೆದ್ದಳು.

ಮಕ್ಕಳು ಎಂಥ ಪುಸ್ತಕ ಓದಬೇಕೆಂದು ಹೇಳಲು ಒಮ್ಮೆ ಒಂದು ಶಾಲೆಯವರು ನನ್ನನ್ನು ಕರೆದಿದ್ದರು. ಅಲ್ಲಿಯೂ ಇದನ್ನೇ ಹೇಳಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಓಟದ ಬೂಟು ತೊಟ್ಟ ಹುಡುಗಿಯೊಬ್ಬಳು ಆ ಗುಟ್ಟನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಅವಳ ಅಜ್ಜಿ ಆ ಕೈಯನ್ನು ಹಿಡಿದು ಮುಚ್ಚಿ, ಬಗ್ಗದ ಒಂದು ಕಾಲನ್ನು ಎಳೆದುಕೊಂಡು ಎದ್ದು ನಿಂತಳು.

"ನಾನು ಗೆಲ್ಲಲಿಲ್ಲ, ಮಂತ್ರಿಗಳೇ."

ಆ ಹೆಸರಿನಿಂದ ಯಾರೂ ಕರೆಯದೆ ಎಷ್ಟೋ ಕಾಲವಾಗಿತ್ತು. ಭಾಗೀರಥಿ.

"ಆರನೇ ಸುತ್ತಿಗೆ ಬಿದ್ದೆ. ಮಂಡಿ ಹಗ್ಗದ ಗೂಟಕ್ಕೆ ಬಡೀತು. ಬೀಳುವಾಗ ನೋಡಿದೆ, ಚೊಂಬು ನಿಮ್ಮ ಕೈಯಲ್ಲೇ ಇತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇನ್ನೊಂದು ಕತೆ ಕಟ್ಟುತ್ತಿದ್ದೆನೋ ಏನೋ.

"ಪುಸ್ತಕದಲ್ಲಿದ್ದ ಹಾಗೇ ಮಾಡಿದ್ದೆ. ನನ್ನಿಂದ ಎಲ್ಲಿ ತಪ್ಪಾಯ್ತು ಅಂತ ಇವತ್ತಿಗೂ ತಿಳೀಲಿಲ್ಲ. ಆ ಹಾಳೆಗಳಲ್ಲಿ ಇನ್ನೇನಾದ್ರೂ ಇತ್ತಾ, ನಾನು ಮಾಡದೆ ಬಿಟ್ಟಿದ್ದು?"

ಮೈಕು ನನ್ನ ಬಾಯಿಯ ಮುಂದೆಯೇ ಇತ್ತು. ಒಂಬತ್ತು ಸಾವಿರವಲ್ಲ, ಆ ಎರಡು ಕಪಾಟುಗಳಲ್ಲಿ ಇದ್ದದ್ದು ಇನ್ನೂರು ಚಿಲ್ಲರೆ ಪುಸ್ತಕ ಎಂದೆ. ಎಲ್ಲದರಲ್ಲೂ ಮೊದಲ ಪುಟ, ಕೊನೆಯ ಪುಟ ಮಾತ್ರ ಓದುತ್ತಿದ್ದೆ. ಕೊಲೆಗಾರನ ಹೆಸರು ಹೇಳಲು ಅಷ್ಟು ಸಾಕಾಗಿತ್ತು. ಓಟಗಾರನ ಕೊನೆಯ ಪುಟದಲ್ಲಿ ಅವನು ಗೆದ್ದಿದ್ದ. ಉಳಿದದ್ದು ನಾನು ಕಟ್ಟಿದ್ದು. ನೀರು ಹಿಡಿದು ಹಗ್ಗ ದಾಟಿದ್ದರೆ ಆ ಗುಟ್ಟು ಸುಳ್ಳೆಂದು ಎಲ್ಲರಿಗೂ ತಿಳಿದುಹೋಗುತ್ತಿತ್ತು. ಅದಕ್ಕೇ ದಾಟಲಿಲ್ಲ.

"ಹಾಗಾದ್ರೆ ನಡುವೆ ಏನಿತ್ತು?" ಎಂದು ಅವಳು ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ, ಭಾಗೀರಥಿ."

ಹುಡುಗಿ ಅಂಗೈಗೆ ಉಗುಳು ಹಚ್ಚಿ ಬರೆದದ್ದನ್ನು ಉಜ್ಜತೊಡಗಿದಳು. ಅವರ ಹಿಂದಿನ ಗೋಡೆಯ ಮೇಲೆ, ಪುಸ್ತಕದ ಕೋಣೆಯ ಬಾಗಿಲಿನತ್ತ, ಸಣ್ಣದೊಂದು ಮಣ್ಣಿನ ಗೆರೆ ಹತ್ತುತ್ತಿತ್ತು.