ತಿಪ್ಪಮ್ಮ ತುಳಿದ ಮಣ್ಣು

"ಕಾಲ್ ತೆಗಿಯೇ ಮುಂಡೆ! ಹೊಸ್ಲು ಮುಟ್ಟೀಯಾ!"

ಗರಡಿಯ ಯಜಮಾನ ಮಹಾಲಿಂಗಯ್ಯ ಒಳಗಿನಿಂದಲೇ ಕೂಗಿದ. ತಿಪ್ಪಮ್ಮ ಕಾಲು ಹಿಂದಕ್ಕೆಳೆದುಕೊಂಡು ಬುಟ್ಟಿಯನ್ನು ಬಾಗಿಲಾಚೆಗೇ ಇಳಿಸಿದಳು. ಗುಬ್ಬಿಯ ಆ ಗರಡಿಯೊಳಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಕೇರಿಯವರಾದರೆ ಗಂಡಸರೂ ಇಡುವಂತಿರಲಿಲ್ಲ. ಆದರೆ ಅಖಾಡದ ಕೆಮ್ಮಣ್ಣನ್ನು ದಿಣ್ಣೆಯಿಂದ ಹೊತ್ತು ತಂದು, ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಹುಯ್ದು, ಹಿತ್ತಿಲಲ್ಲಿ ಮೂರು ದಿನ ತುಳಿದು ಹದ ಮಾಡುವವಳು ಅವಳೇ. ಹಿತ್ತಿಲಲ್ಲಿ ತುಳಿದರೆ ಕೆಲಸ, ಒಳಗೆ ತುಳಿದರೆ ಮೈಲಿಗೆ. ಅದೇ ಮಣ್ಣನ್ನು ಪೈಲ್ವಾನರು ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ಅವಳಪ್ಪ ತುಮಕೂರಿನಲ್ಲಿ, ಜಾತಿ ಕೇಳದ ಒಬ್ಬ ಸಾಬರ ಗರಡಿಯಲ್ಲಿ ಕಲಿತವನು. ಗಂಡು ಹುಟ್ಟಲಿಲ್ಲವೆಂದು ಪಟ್ಟುಗಳನ್ನೆಲ್ಲ ಮಗಳಿಗೇ ಹೇಳಿಕೊಟ್ಟು ಸತ್ತ. ಮಹಾಲಿಂಗಯ್ಯನ ಆಳು, ಅದೇ ಗರಡಿಯಲ್ಲಿ ಕುಸ್ತಿಗೂ ಇಳಿಯುತ್ತಿದ್ದ ಸಿದ್ದಗಂಗಯ್ಯ ಮಣ್ಣು ಅಗೆಯಲು ದಿಣ್ಣೆಗೆ ಬಂದಾಗಲೆಲ್ಲ ತಿಪ್ಪಮ್ಮ ಅವನಿಗೆ ಕಲಿಸಿದಳು. ನಾಲ್ಕು ವರ್ಷ ಕಲಿಸಿದಳು.

"ಗೆದ್ರೆ ಎಲ್ರ ಮುಂದೇನೆ ನಿನ್ ಕಾಲಿಗ್ ಬೀಳ್ತೀನಿ ಕಣಕ್ಕ," ಅಂದಿದ್ದ ಅವನು.

"ಬೀಳೋದಿರ್ಲಿ. ಮೊದ್ಲು ಆ ಎಡಗಾಲ್ ಹಿಂದಕ್ಕೆಳ್ಕಳ್ಳಾ," ಅಂದಿದ್ದಳು ಅವಳು. ಆದರೂ ಆ ಮಾತನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಂತೆ ಜೋಪಾನ ಮಾಡಿಕೊಂಡಿದ್ದಳು.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ತುಮಕೂರಿನಲ್ಲಿ ಕುಸ್ತಿ. ಕುಣಿಗಲ್ಲಿನ ಪೈಲ್ವಾನ ಸಿದ್ದಗಂಗಯ್ಯನ ಮೇಲೆ ಬಂಡೆಯ ಹಾಗೆ ಕೂತಿದ್ದ. ಜನರ ಹಿಂದಿನಿಂದ ಹೆಂಗಸಿನ ದನಿ ಬಂತು.

"ಮಂಡಿ ಹಿಡಿಯೋ ಹಲ್ಕಾ, ಮಂಡಿ!"

ಜನ ನಕ್ಕರು. ಸಿದ್ದಗಂಗಯ್ಯ ಮಂಡಿ ಹಿಡಿದ. ಕುಣಿಗಲ್ಲಿನವನ ಬೆನ್ನು ನೆಲಕ್ಕೆ ಬಿತ್ತು.

ತೀರ್ಪುಗಾರರು ಜರಿ ರುಮಾಲು ಹಿಡಿದು ಕೇಳಿದರು: "ನಿನ್ ಉಸ್ತಾದ್ ಯಾರಪ್ಪಾ? ಅವರ ತಲೆಗೇ ಸುತ್ತೋಣ."

ಸಿದ್ದಗಂಗಯ್ಯ ಜನರ ಹಿಂದಕ್ಕೆ ನೋಡಿದ. ಆಮೇಲೆ ಮುಂದಿನ ಕುರ್ಚಿಯಲ್ಲಿದ್ದ ಒಡೆಯನನ್ನು ನೋಡಿದ. ಹೋಗಿ ಒಡೆಯನ ಕಾಲಿಗೆ ಬಿದ್ದ. ಮಹಾಲಿಂಗಯ್ಯ ಕಿವಿ ಮುಚ್ಚುವ ಹಾಗೆ ರುಮಾಲು ಸುತ್ತಿಸಿಕೊಂಡ.

ಮಾರನೆಯ ಬೆಳಗ್ಗೆ ಬುಟ್ಟಿ ಹೊತ್ತು ಬಂದ ತಿಪ್ಪಮ್ಮ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ಸಿದ್ದಗಂಗಯ್ಯ ಸಾಮು ಮಾಡುತ್ತಿದ್ದ ಅಖಾಡದ ನಡುಮಧ್ಯೆ ಬುಟ್ಟಿ ಇಳಿಸಿದಳು.

"ಏಯ್! ದೆವ್ವ ಮೆಟ್ಕಂಡದೇನೇ ನಿಂಗೆ?"

"ಇಲ್ಲ ಬುದ್ಧಿ. ಇವ್ನು ಎಡಗಾಲ್ ಇನ್ನೂ ಮುಂದೇ ಬುಡ್ತಾನೆ. ತಿದ್ದೋಗಾಣ ಅಂತ ಬಂದೆ."

ಸೀರೆಯನ್ನು ಕಚ್ಚೆ ಕಟ್ಟಿ ಸಿದ್ದಗಂಗಯ್ಯನ ಎಡಗಾಲು ಹಿಡಿದಳು. ಅವನು ಕೊಸರಿದ. ಎರಡು ಉಸಿರಿಗೆ ಅವನ ಬೆನ್ನು ಮಣ್ಣು ಮುಟ್ಟಿತು. ಗರಡಿಯಲ್ಲಿ ಯಾರೋ ಕೆಮ್ಮಿದರು.

"ಎಲ್ಲಾ ಮೈಲ್ಗೆಯಾಯ್ತು!" ಮಹಾಲಿಂಗಯ್ಯ ಕಿರುಚಿದ. "ಒಂದಿಡಿ ಮಣ್ಣೂ ಇಲ್ಲಿರ್‍ಬಾರ್ದು! ನಿಮ್ ಕೇರಿಗೇ ಹೊತ್ಕಂಡ್ ಹೋಗೇ, ದರಿದ್ರ ನನ್ಮಗಳೇ!"

"ಆಗ್ಲಿ ಬುದ್ಧಿ."

ಮೂರು ದಿನ ಹೊತ್ತಳು. ಎಣ್ಣೆ, ಮಜ್ಜಿಗೆ, ಪೈಲ್ವಾನರ ಬೆವರು ಕುಡಿದ ಮಣ್ಣು. ಕೇರಿಯವರು ಅವಳ ಗುಡಿಸಲ ಮುಂದೆ ಗುಂಡಿ ತೋಡಿಕೊಟ್ಟರು. ಗರಡಿಯಲ್ಲಿ ಬರೀ ತಗ್ಗು ಉಳಿಯಿತು. ಹೊಸ ಮಣ್ಣು ತುಳಿಯಲು ಬಾ ಎಂದು ಹೇಳಿಕಳಿಸಿದ್ದಕ್ಕೆ ತಿಪ್ಪಮ್ಮ ಕಾಲು ನೋವು ಅಂದಳು.

ನಾಲ್ಕನೆಯ ಬೆಳಗ್ಗೆ ಕೇರಿಯ ನಾಲ್ವರು ಆ ಗುಂಡಿಯಲ್ಲಿ ಬಸ್ಕಿ ಹೊಡೆಯುತ್ತಿದ್ದರು, ತಿಪ್ಪಮ್ಮ ಎಣಿಸುತ್ತಿದ್ದಳು. ಅರವತ್ತಾಗಿತ್ತು. ಸಿದ್ದಗಂಗಯ್ಯ ಬಂದು ಅಂಚಿನ ಮೇಲೆ ಕಾಲಿಟ್ಟ.

"ಕಾಲ್ ತೆಗಿಯೋ," ಅಂದಳು. "ನಿನ್ ಉಸ್ತಾದ್ ಯಾರು? ಕೇರಿಗೆಲ್ಲಾ ಕೇಳಂಗ್ ಹೇಳು, ಆಮ್ಯಾಕ್ ಇಳಿ."

ಅವನು ತಿರುಗಿ ಮಹಾಲಿಂಗಯ್ಯನ ತೋಟದ ಕಡೆ ನೋಡಿದ. ಕಾಲನ್ನು ಮಾತ್ರ ತೆಗೆಯಲಿಲ್ಲ.

ತಿಪ್ಪಮ್ಮ ಬಸ್ಕಿಯವರ ಕಡೆ ತಿರುಗಿದಳು.

"ಅರವತ್ತೊಂದು."